ಉರುಶಿಗೆ ‘ಅರಗು’, ಕಿಂತ್ಸುಗಿಗೆ ‘ಬೆಸುಗೆ’: ಸರಿಹೋಗುತ್ತವೆಯೇ?

ಪ್ರಶ್ನೆ

ಬಳಗದವರಿಗೆ ನಮಸ್ಕಾರ. ಜಪಾನಿನ ಕರಕುಶಲ ವಸ್ತುಗಳನ್ನು ಹೊರದೇಶದವರಿಗೆ ಪರಿಚಯಿಸುವ ಕಿರುಪುಸ್ತಿಕೆಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನಡೆದಿದೆ. ಉರುಶಿ ಎಂಬ ಜಪಾನಿ ಲೇಪಕ್ಕೆ ಇಂಗ್ಲಿಷಿನಲ್ಲಿ ‘ಲ್ಯಾಕರ್’ ಎನ್ನುತ್ತಾರೆ, ಆ ಪದ ಬಂದಲ್ಲೆಲ್ಲ ಕರಡಿನಲ್ಲಿ ‘ಅರಗು’ ಎಂದಿದೆ. ವಾಜಿಮಾ ಊರಿನ ಬಟ್ಟಲು ‘ಅರಗಿನ ಬಟ್ಟಲು’ ಆಗಿದೆ. ಒಡೆದ ಪಾತ್ರೆ ಕೂಡಿಸಿ ಗೆರೆಗೆ ಚಿನ್ನ ಹಚ್ಚುವ ಕಿಂತ್ಸುಗಿಗೆ ‘ಚಿನ್ನದ ಬೆಸುಗೆ’ ಎಂದು ಹಾಕಿದ್ದಾರೆ. ಚನ್ನಪಟ್ಟಣದ ಗೊಂಬೆಗೂ ಇಂಗ್ಲಿಷಿನಲ್ಲಿ ಲ್ಯಾಕರ್ ಎಂದೇ ಬರೆಯುತ್ತಾರಲ್ಲ, ಹಾಗಾದರೆ ಎರಡೂ ಒಂದೇ ವಸ್ತುವೇ? ‘ದೆಂತೋ ಕೋಗೇಹಿನ್’ ಎಂಬುದಕ್ಕೆ ‘ಸಾಂಪ್ರದಾಯಿಕ ಕರಕುಶಲ ವಸ್ತು’ ಎಂದರೆ ಸಾಕೇ? ತಿಳಿದವರು ಹೇಳಬೇಕು.

ಉತ್ತರ

ಒಂದೇ ಅಲ್ಲ, ‘ಅರಗು’ ಬೇಡ. ಅರಗು ಕೀಟದಿಂದ ಬರುವಂಥದ್ದು. ಮುತ್ತುಗದಂಥ ಮರಗಳ ರೆಂಬೆ ಕಚ್ಚಿಕೊಂಡ ಹುಳುಗಳು ಸ್ರವಿಸುವ ರಾಳ. ಬಿಸಿಗೆ ಕರಗುತ್ತದೆ, ಆರಿದರೆ ಗಟ್ಟಿಯಾಗುತ್ತದೆ, ಮತ್ತೆ ಕಾಯಿಸಿದರೆ ಮತ್ತೆ ಕರಗುತ್ತದೆ. ಚನ್ನಪಟ್ಟಣದಲ್ಲಿ ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ, ಉಜ್ಜಿದ ಕಾವಿಗೇ ಅರಗು ಇಳಿದು ಮರಕ್ಕೆ ಹತ್ತುವುದು ಈ ಗುಣದಿಂದ.

ಉರುಶಿಯಾದರೋ ಮರವೊಂದರ ಸೊನೆ. ಆ ಮರ ಮಾವು, ಗೇರು, ಕೇರುಗಳ ಕುಟುಂಬದ್ದು. ಮಾವಿನ ಸೊನೆ ತಾಗಿ ತುಟಿಯ ಅಂಚು ಸುಡುವುದು ನಮ್ಮಲ್ಲಿ ಯಾರಿಗೂ ಹೊಸತಲ್ಲ; ಹಸಿ ಉರುಶಿ ತಾಗಿದರೂ ಚರ್ಮ ಕೆಂಪೇರಿ ತುರಿಸಿ ಬೊಬ್ಬೆ ಬರುತ್ತದೆ, ಇನ್ನೂ ಜೋರಾಗಿ. ಬೇಸಿಗೆಯಿಂದ ಶರತ್ಕಾಲದವರೆಗೆ ತೊಗಟೆಗೆ ಅಡ್ಡಗೀರು ಹಾಕಿ ಸೊನೆ ಕೆರೆದು ತೆಗೆಯುತ್ತಾರೆ. 10–15 ವರ್ಷ ಬೆಳೆದ ಒಂದು ಮರಕ್ಕೆ ಸಿಗುವುದು ಹೆಚ್ಚುಕಡಿಮೆ 200 ಗ್ರಾಂ. ಜಪಾನಿನ ರೂಢಿಯಲ್ಲಿ ಆ ಋತು ಮುಗಿದ ಮೇಲೆ ಮರ ಕಡಿದು, ಬುಡದ ಚಿಗುರನ್ನು ಹೊಸದಾಗಿ ಬೆಳೆಸುತ್ತಾರೆ. ದೇಶದೊಳಗಿನ ಉರುಶಿಯಲ್ಲಿ ಹೆಚ್ಚಿನ ಪಾಲು ಇವಾತೆ ಪ್ರಾಂತ್ಯದ ಜೋಬೋಜಿಯದು. ಒಟ್ಟು ಬಳಕೆಯ ಬಹುಪಾಲು ಚೀನಾದಿಂದ ಬರುತ್ತದೆ.

ಆದ್ದರಿಂದ ಮೊದಲ ಸಲ ‘ಉರುಶಿ ಎಂಬ ಮರದ ಸೊನೆ’ ಎಂದು ಬರೆದು, ಮುಂದೆ ಬರೀ ‘ಉರುಶಿ’ ಎನ್ನಿ. ಬಟ್ಟಲು ‘ಉರುಶಿ ಲೇಪದ ಬಟ್ಟಲು’ ಆಗಲಿ. ಗೊಂದಲದ ಬೇರು ಇಂಗ್ಲಿಷಿನಲ್ಲಿದೆ. ಲ್ಯಾಕರ್ ಎಂಬ ಪದವೇ ನಮ್ಮ ‘ಲಾಕ್ಷಾ’ದಿಂದ ಹೋದದ್ದು. 17ನೇ ಶತಮಾನದಲ್ಲಿ ಜಪಾನಿನ ಪೆಟ್ಟಿಗೆಗಳಿಗೆ ಮರುಳಾದ ಯೂರೋಪಿನವರಿಗೆ ಉರುಶಿ ಸಿಗಲಿಲ್ಲ. ಭಾರತದ ಅರಗನ್ನು ಮದ್ಯಸಾರದಲ್ಲಿ ಕರಗಿಸಿ ನಕಲು ಮಾಡಿದರು, ಆ ಕೆಲಸವನ್ನು ‘ಜಪಾನಿಂಗ್’ ಎಂದು ಕರೆದರು. ಅವರ ಬೆರಕೆ ಹೆಸರನ್ನು ನಾವೇಕೆ ಹೊರಬೇಕು?

ಕರಡಿನಲ್ಲಿ ‘ಒಣಗಿಸಿ’ ಎಂದಿದ್ದರೆ ಅದನ್ನೂ ತಿದ್ದಿ. ಉರುಶಿ ಒಣಹವೆಯಲ್ಲಿ ಗಟ್ಟಿಯಾಗುವುದೇ ಇಲ್ಲ. ಸೊನೆಯಲ್ಲಿರುವ ಲ್ಯಾಕೇಸ್ ಎಂಬ ಕಿಣ್ವ ತೇವವಿದ್ದಾಗ ಗಾಳಿಯ ಆಮ್ಲಜನಕ ಹಿಡಿದು ಅದನ್ನು ಗಟ್ಟಿಗೊಳಿಸುತ್ತದೆ. ಅದಕ್ಕೇ ಬಳಿದ ವಸ್ತುವನ್ನು ‘ಫುರೊ’ ಎಂಬ ಒದ್ದೆ ಮಾಡಿದ ಮರದ ಕಪಾಟಿನಲ್ಲಿ, 20–25 ಡಿಗ್ರಿ ಸೆಲ್ಸಿಯಸ್ ಶಾಖ, ಶೇ. 70–80ರ ತೇವದಲ್ಲಿ ಇಡುತ್ತಾರೆ. ತೇವ ಸಾಲದಿದ್ದರೆ ದಿನಗಟ್ಟಲೆ ಅಂಟಂಟು. ದಪ್ಪ ಬಳಿದರೆ, ಇಲ್ಲವೆ ತೇವ ಮಿತಿಮೀರಿದರೆ, ಮೇಲ್ಪದರ ಬೇಗ ಬಿಗಿದು ಒಳಗೆ ಹಸಿ ಉಳಿದು ಸುಕ್ಕು ಏಳುತ್ತದೆ, ಅದು ‘ಚಿಜಿಮಿ’. ‘ಗಟ್ಟಿಗಟ್ಟಲು ಬಿಟ್ಟು’ ಎಂದರೆ ಸರಿಯಾಗುತ್ತದೆ.

ಇದು ಬರೀ ಪದದ ಮಡಿವಂತಿಕೆಯಲ್ಲ. ಪೂರ್ತಿ ಗಟ್ಟಿಯಾದ ಉರುಶಿ ಮತ್ತೆ ಕರಗುವುದಿಲ್ಲ. ಬಿಸಿ ಸಾರು, ಹುಳಿ, ಮದ್ಯ ಎಲ್ಲ ತಡೆಯುತ್ತದೆ. ಅದಕ್ಕೆ ಆಗದವು ನೇರ ಬಿಸಿಲು ಮತ್ತು ಅತಿ ಒಣಹವೆ, ಮೈಕ್ರೋವೇವ್, ಪಾತ್ರೆ ತೊಳೆಯುವ ಯಂತ್ರ. ಅರಗಿನ ಲೇಪಕ್ಕೆ ಬಿಸಿ ಚಹಾವೇ ಕುತ್ತು. ‘ಅರಗಿನ ಮನೆ’ ಕೇಳಿ ಬೆಳೆದ ಓದುಗರು ‘ಅರಗಿನ ಬಟ್ಟಲು’ ಎಂದು ಓದಿದರೆ ಅದಕ್ಕೆ ಬಿಸಿ ಸಾರು ಹಾಕುವುದೇ ಇಲ್ಲ.

‘ಚಿನ್ನದ ಬೆಸುಗೆ’ ಇನ್ನೂ ತಪ್ಪು. ಬೆಸುಗೆ ಎಂದರೆ ಲೋಹ ಕರಗಿಸಿ ಕೂಡಿಸುವುದು. ಕಿಂತ್ಸುಗಿಯಲ್ಲಿ ಚಿನ್ನ ಏನನ್ನೂ ಹಿಡಿದಿಡುವುದಿಲ್ಲ. ಗೋಧಿಹಿಟ್ಟನ್ನು ನೀರಲ್ಲಿ ನಾದಿ, ಹೆಚ್ಚುಕಡಿಮೆ ಅಷ್ಟೇ ಹಸಿ ಉರುಶಿ ಸೇರಿಸಿದರೆ ಎಳೆ ಬರುವ ಅಂಟಾಗುತ್ತದೆ, ಅದು ‘ಮುಗಿ ಉರುಶಿ’. ಚೂರುಗಳ ಅಂಚಿಗೆ ತೆಳ್ಳಗೆ ಹಚ್ಚಿ ಕೂಡಿಸಿ, ಒಂದೆರಡು ವಾರವಾದರೂ ತೇವದ ಪೆಟ್ಟಿಗೆಯಲ್ಲಿಡಬೇಕು. ಎದ್ದುಹೋದ ಜಾಗಕ್ಕೆ ನುಣುಪು ಮಣ್ಣಿನ ಪುಡಿ ಮತ್ತು ಉರುಶಿ ಕಲಸಿದ ‘ಸಾಬಿ’ಯನ್ನು ಪದರ ಪದರವಾಗಿ ತುಂಬಬೇಕು, ಒಮ್ಮೆಗೇ ತುಂಬಿದರೆ ಒಳಗೆ ಬಲಿಯುವುದಿಲ್ಲ. ಉಜ್ಜಿ ಸಮಮಾಡಿ, ಗೆರೆಯ ಮೇಲೆ ಕೆಂಪು ಉರುಶಿ ಎಳೆದು, ಅದು ಅರೆಬರೆ ಬಿಗಿದಾಗ ಚಿನ್ನದ ಹುಡಿ ಉದುರಿಸುತ್ತಾರೆ. ಅವಸರಪಟ್ಟರೆ ಹುಡಿ ಮುಳುಗಿ ಮಂಕಾಗುತ್ತದೆ, ತಡಮಾಡಿದರೆ ಕಚ್ಚುವುದಿಲ್ಲ. ‘ಕಿಂತ್ಸುಗಿ’ ಹಾಗೇ ಇರಲಿ. ವಿವರಣೆಗೆ ‘ಉರುಶಿಯಿಂದ ಕೂಡಿಸಿ ಗೆರೆಗೆ ಹೊನ್ನಹುಡಿ ಹಚ್ಚುವ ದುರಸ್ತಿ’ ಎನ್ನಿ. ಹೊರದೇಶಗಳಲ್ಲಿ ಈ ಹೆಸರಿನಲ್ಲಿ ಮಾರುವ ಎಷ್ಟೋ ಕಿಟ್‌ಗಳಲ್ಲಿ ಇರುವುದು ಎಪಾಕ್ಸಿ ಅಂಟು, ಹಿತ್ತಾಳೆ ಬಣ್ಣದ ಪುಡಿ. ಊಟಕ್ಕೆ ಯೋಗ್ಯವೆಂದು ಕಿಟ್‌ನ ಮೇಲೆ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಅದರಿಂದ ಕೂಡಿಸಿದ ಪಾತ್ರೆಯಲ್ಲಿ ಉಣ್ಣಬಾರದು ಎಂಬ ಒಂದು ಸಾಲು ಪುಸ್ತಿಕೆಯಲ್ಲಿರಲಿ.

ಮತ್ತೊಂದು ಉತ್ತರ

‘ಸೊನೆ’ಗೆ ನನ್ನದೂ ಒಪ್ಪಿಗೆ. ದೆಂತೋ ಕೋಗೇಹಿನ್ ಬಗ್ಗೆ: ಮಾತಿನಲ್ಲಿ ಅದು ಯಾವುದೇ ಹಳೆಯ ಕಸುಬಿನ ವಸ್ತು, ಆದರೆ ಇಂಥ ಪುಸ್ತಿಕೆಗಳಲ್ಲಿ ಸಾಮಾನ್ಯವಾಗಿ ಜಪಾನಿನ 1974ರ ಕಾಯ್ದೆಯ ಪದ. ದಿನಬಳಕೆಯ ವಸ್ತುವಾಗಿರಬೇಕು, ಮುಖ್ಯ ಹಂತಗಳು ಕೈಯಿಂದಲೇ ನಡೆಯಬೇಕು, ತಂತ್ರವೂ ಮೂಲವಸ್ತುವೂ ಸುಮಾರು 100 ವರ್ಷಗಳಿಂದ ನಡೆದುಬಂದಿರಬೇಕು, ಒಂದು ಪ್ರದೇಶದಲ್ಲಿ 10 ತಯಾರಕರೋ 30 ಕೆಲಸಗಾರರೋ ಆದರೂ ಇರಬೇಕು. ಹೀಗೆ ಹೆಸರಿಸಿದವು 240ಕ್ಕೂ ಹೆಚ್ಚು. ವಾಜಿಮಾ-ನುರಿ, ಅಂದರೆ ವಾಜಿಮಾದ ಉರುಶಿ ಲೇಪದ ವಸ್ತು, ಸೇರಿದ್ದು 1975ರಲ್ಲಿ. ತಯಾರಕರ ಸಂಘದ ತಪಾಸಣೆಯಲ್ಲಿ ತೇರ್ಗಡೆಯಾದ ವಸ್ತುವಿಗೆ ಮಾತ್ರ ಮುದ್ರೆಚೀಟಿ ಅಂಟಿಸುತ್ತಾರೆ. ಆದ್ದರಿಂದ ‘ಜಪಾನ್ ಸರ್ಕಾರ ಹೆಸರಿಸಿದ ಪಾರಂಪರಿಕ ಕುಶಲವಸ್ತು’ ಎನ್ನುವುದು ಮೇಲು. ಚೀಟಿಯಿಲ್ಲದ ವಸ್ತುವಿನ ಚಿತ್ರದಡಿ ಬರೀ ‘ಕರಕುಶಲ ವಸ್ತು’ ಸಾಕು.

‘ಮಾಕಿಎ’ಗೆ ಕರಡಿನಲ್ಲಿ ‘ಚಿನ್ನದ ಚಿತ್ರಕಲೆ’ ಎಂದಿದ್ದರೆ ‘ಹುಡಿ ಉದುರಿಸಿದ ಚಿತ್ರ’ ಎಂದು ಬದಲಿಸಬಹುದು: ಉರುಶಿಯಲ್ಲಿ ಗೆರೆ ಬರೆದು, ಹಸಿಯಿರುವಾಗಲೇ ಅದರ ಮೇಲೆ ಲೋಹದ ಹುಡಿ ಉದುರಿಸುವ ಕೆಲಸ ಅದು. ‘ರಾದೆನ್’ಗೆ ‘ಚಿಪ್ಪಿನ ಕುಸುರಿ’ ಚೆನ್ನಾಗಿ ಕೂರುತ್ತದೆ.

ಇನ್ನೊಂದು ವಿಷಯ. ಮೂಲ ಪುಸ್ತಿಕೆ 2024ಕ್ಕಿಂತ ಹಿಂದಿನದಾದರೆ ವಾಜಿಮಾದ ವಿಳಾಸಗಳನ್ನು ಹಾಗೇ ನಕಲಿಸಬೇಡಿ. ಆ ವರ್ಷದ ಜನವರಿ 1ರ ನೋತೊ ಭೂಕಂಪ ಮತ್ತು ಬೆಂಕಿಯಲ್ಲಿ ಅಲ್ಲಿನ ಎಷ್ಟೋ ಕಾರ್ಯಾಗಾರಗಳು, ಮಳಿಗೆಗಳು ನಾಶವಾದವು. ಹಲವರು ಬೇರೆಡೆಗೆ ಹೋಗಿದ್ದಾರೆ. ಒಂದೊಂದು ವಿಳಾಸವನ್ನೂ ತಯಾರಕರ ಸಂಘದಲ್ಲಿ ಕೇಳಿ ಖಚಿತಪಡಿಸಿಕೊಂಡ ಮೇಲೆ ಅಚ್ಚಿಗೆ ಕಳಿಸಿ.