ಬಿಲ್ಲಿನ 5 ಪಿನ್ ಸೈಟ್ (ಗುರಿ ನೋಡೋ ಸಾಧನ): 18 ಮೀಟರಲ್ಲಿ ಸರಿ, 50ಕ್ಕೆ ಹೋದ್ರೆ ಬಲಕ್ಕೆ. ಸೈಟ್ ಬದಲಾಯಿಸ್ಬೇಕಾ?

ಜೆಪಿನಗರ ಬಿಲ್ಲು:
ನಮಸ್ಕಾರ ಎಲ್ರಿಗೂ. ನಂದು 45 ಪೌಂಡ್ ಎಳೆತದ ಕಾಂಪೌಂಡ್ (ರಾಟೆ ಇರೋ ಬಿಲ್ಲು), ಬಲಗೈ. ಕನಕಪುರ ರಸ್ತೆ ಕಡೆ ರೇಂಜಲ್ಲಿ ಶನಿವಾರ, ಭಾನುವಾರ ಪ್ರಾಕ್ಟೀಸ್. ಬಿಲ್ಲಿನ ಜೊತೆಗೇ ಬಂದ 5 ಪಿನ್ ಹಂಟಿಂಗ್ ಸೈಟ್ ಹಾಕಿದೀನಿ, ಒಂದರ ಕೆಳಗೊಂದು ಪಿನ್, ಒಂದೊಂದು ದೂರಕ್ಕೆ ಒಂದೊಂದು. 18 ಮೀಟರಲ್ಲಿ ಬಾಣ ನಡುವಿಗೇ ಕೂರುತ್ತೆ. 30ಕ್ಕೆ ಒಂದಿಂಚು ಬಲಕ್ಕೆ, 50ಕ್ಕೆ ಹೆಚ್ಚುಕಮ್ಮಿ ಐದಿಂಚು ಬಲಕ್ಕೆ. ಎತ್ತರದಲ್ಲಿ ತೊಂದ್ರೆ ಇಲ್ಲ. ಗಾಳಿ ಇರ್ಬೇಕು ಅಂದ್ಕೊಂಡೆ. ಬೆಳಿಗ್ಗೆ ಆರೂವರೆಗೆ ಎಲೆ ಅಲ್ಲಾಡದೆ ಇದ್ದಾಗ್ಲೂ ಅದೇ ಕಥೆ. ಅಂಗಡಿಯವರು ‘ಸೈಟ್ ಅಗ್ಗದ್ದು’ ಅಂತ ಇಪ್ಪತ್ತು ಸಾವಿರ ಚಿಲ್ಲರೆಯದೊಂದು ತೋರಿಸಿದ್ರು. ತಗೊಳ್ಲಾ?

ಹಳೇ ಗುರಿ:
ದುಡ್ಡು ಜೇಬಲ್ಲೇ ಇರ್ಲಿ ಸರ್. ನಿಮ್ಮ ಲೆಕ್ಕವೇ ಉತ್ತರ ಹೇಳ್ತಿದೆ. ರೆಸ್ಟ್ (ಬಾಣ ಕೂರೋ ಆಸರೆ) ಅಕ್ಕಪಕ್ಕ ಜರುಗಿದ್ರೆ ತಪ್ಪು ದೂರದ ಜೊತೆ ಒಂದೇ ಸಮ ಬೆಳೆಯುತ್ತೆ: 30ಕ್ಕೆ ಒಂದಿಂಚಾದ್ರೆ 50ಕ್ಕೆ ಎರಡೂವರೆ ಮೂರು. ನಿಮ್ದು ಐದಕ್ಕೆ ಹಾರಿದೆ. ಅಂದ್ರೆ ಬಿಲ್ಲು ವಾಲ್ತಿದೆ. ಮೇಲಿನ ತುದಿ ಬಲಕ್ಕೆ ವಾಲಿದಾಗ ಪಿನ್‌ಗಳ ಸಾಲೂ ವಾಲುತ್ತೆ, ಕೆಳಗಿನ ಪಿನ್ ಎಡಕ್ಕೆ ಹೋಗುತ್ತೆ. ಅದನ್ನ ಗುರಿಗೆ ತರೋಕೆ ನೀವು ಬಿಲ್ಲನ್ನ ಬಲಕ್ಕೆ ತಿರುಗಿಸ್ತೀರ, ಬಾಣ ಬಲಕ್ಕೆ. ಐದು ಡಿಗ್ರಿ ಸಾಕು.

ಸೈಟಿನ ಕೆಳಗಿರೋ ಬಬಲ್ (ಮಟ್ಟ ತೋರಿಸೋ ಗುಳ್ಳೆ) ನೋಡ್ತೀರಾ?

ಜೆಪಿನಗರ ಬಿಲ್ಲು:
ನಿಜ ಹೇಳ್ಬೇಕಂದ್ರೆ ಮೊದಲ ವಾರ ನೋಡಿದ್ದು, ಆಮೇಲೆ ಮರೆತೇ ಹೋಯ್ತು 😅

ಹಳೇ ಗುರಿ:
ಹಾಗಾದ್ರೆ ಎರಡು ಪರೀಕ್ಷೆ. ಗಾರೆಯವರು ಗೋಡೆಗೆ ಇಳಿಬಿಡೋ ಗುಂಡಿನ ದಾರವನ್ನ ಬಟ್ (ಬಾಣ ನಾಟೋ ಹಲಗೆ) ಪಕ್ಕ ನೇತುಹಾಕಿ. ಬಾಣ ಹಾಕಿ, ಪೂರ್ತಿ ಎಳೆದು, ಪಿನ್ ಸಾಲನ್ನ ಆ ದಾರಕ್ಕೆ ಹೊಂದಿಸಿ. ಆಗ ಬಬಲ್ ನಡುವಲ್ಲಿಲ್ಲದಿದ್ರೆ ತಪ್ಪು ಬಬಲ್‌ದೇ, ಅದು ಸರಿಯಾಗಿ ಕೂತಿಲ್ಲ. (ಇದೆಲ್ಲ ರೇಂಜಲ್ಲಿ. ಮನೆ ಟೆರೇಸಲ್ಲಿ ಬಾಣ ಇಲ್ಲದೆ ಎಳೆದು ಕೈ ಜಾರಿದ್ರೆ ಬಿಲ್ಲೇ ಮುರಿದೀತು.) ಎರಡನೇದು, ಬರೀ ಮೇಲಿನ ಪಿನ್ನಲ್ಲಿ 18, 22, 26 ಮೀಟರಿಂದ ಒಂದೇ ಚುಕ್ಕಿಗೆ ಹೊಡೀರಿ. ಬಾಣ ಕೆಳಗೆ ಇಳೀತಾ ಹೋಗುತ್ತೆ. ನೇರಕ್ಕೆ ಇಳಿದ್ರೆ ರೆಸ್ಟ್ ಚೆನ್ನಾಗಿದೆ ಅಂತ.

ಇನ್ನು ಸೈಟ್ ಬಗ್ಗೆ. 5 ಪಿನ್ ಮಾಡಿರೋದು ಪ್ರಾಣಿ ಎಷ್ಟು ದೂರ ನಿಲ್ಲುತ್ತೋ ಗೊತ್ತಿಲ್ಲದವರಿಗೆ: 20, 30, 40 ಗಜಕ್ಕೆ ಒಂದೊಂದು, ಡಯಲ್ ತಿರುಗಿಸೋ ಗೊಡವೆ ಇಲ್ಲ, ಮಬ್ಬು ಬೆಳಕಲ್ಲೂ ಹೊಳೆಯುತ್ತೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇರೋವಾಗ ‘ಹಂಟಿಂಗ್’ ಅನ್ನೋದು ಡಬ್ಬದ ಮೇಲಿನ ಹೆಸರಷ್ಟೇ. ಗುರಿ ಹೊಡೆಯೋರಿಗೆ ದೂರ ಮೊದಲೇ ಗೊತ್ತು: ಕಾಂಪೌಂಡ್‌ಗೆ 50 ಮೀಟರ್, 80 ಸೆಂ.ಮೀ. ಫೇಸ್ (ವೃತ್ತಗಳಿರೋ ಗುರಿಹಾಳೆ). ಮುಂದೆ ಕೊಳ್ಳೋದಾದ್ರೆ ಒಂದೇ ಪಿನ್ನಿನ, ಜರುಗೋ ಸೈಟ್ ತಗೊಳ್ಳಿ. ಪಿನ್ ದಪ್ಪ ಗಮನಿಸಿ. 0.029 ಇಂಚಿನ ಪಿನ್ ಕಣ್ಣಿಂದ 80 ಸೆಂ.ಮೀ. ದೂರ ಇದ್ರೆ 50 ಮೀಟರಲ್ಲಿ ನಾಲ್ಕೂವರೆ ಸೆಂ.ಮೀ. ಮುಚ್ಚುತ್ತೆ, ಹತ್ತು ಅಂಕದ ವೃತ್ತವೇ 8 ಸೆಂ.ಮೀ.! 0.019 ಆದ್ರೆ ಮೂರು. ಬಿಸಿಲಲ್ಲಿ ಪಿನ್ ತುದಿಯ ಫೈಬರ್ ಹೊಳೆದು ಇನ್ನೂ ಊದಿಕೊಂಡ ಹಾಗೆ ಕಾಣುತ್ತೆ.

ರಿಕರ್ವ್ ಮಾವ:
ನಮ್ಮ ರಿಕರ್ವ್ (ರಾಟೆ ಇಲ್ಲದ ಬಿಲ್ಲು) ನಿಯಮದಲ್ಲಿ ಸೈಟಿಗೆ ಲೆನ್ಸೂ ಇಲ್ಲ, ಬಬಲ್ಲೂ ಇಲ್ಲ. ನೀವೆಲ್ಲ ಪುಣ್ಯವಂತರು, ಇದ್ದದ್ದನ್ನ ನೋಡಲ್ಲ ಅಷ್ಟೆ.

ಜೆಪಿನಗರ ಬಿಲ್ಲು:
ನಿನ್ನೆ ನೋಡಿದೆ. ಬಬಲ್ ಸರಿ ಇದೆ, ಬಾಣ ಗೆರೆ ಎಳೆದ ಹಾಗೆ ನೇರ ಇಳೀತು. ವಾಲ್ತಿದ್ದದ್ದು ನಾನೇ, ಹಿಡಿಯನ್ನ ಬಿಗಿಯಾಗಿ ಹಿಡಿದು ಮಣಿಕಟ್ಟು ತಿರುಚ್ತಿದ್ದೆ. ಬಬಲ್ ನಡುವಿಗೆ ತಂದು ಬಿಟ್ರೆ 50ರಲ್ಲಿ ಐದಿಂಚು ಹೋಗಿ ಒಂದಿಂಚಾಯ್ತು. ಆ ಒಂದಿಂಚನ್ನೂ ತೆಗೆಯೋಣ ಅಂತ ಸೈಟಿನ ಸ್ಕ್ರೂಗೆ ಎಸ್.ಪಿ. ರೋಡಲ್ಲಿ ತಂದಿದ್ದ 3 ಎಂಎಂ ಅಲನ್ ಕೀ (ಆರು ಮೂಲೆಯ ಕಡ್ಡಿ) ಹಾಕಿದೆ, ತಲೆಯೊಳಗೆ ಸಡಿಲವಾಗಿ ಅಲ್ಲಾಡ್ತು.

ಹಳೇ ಗುರಿ:
ನಿಲ್ಲಿಸಿ! ಆ ಸ್ಕ್ರೂ ಇಂಚಿನ ಅಳತೆದು, 1/8 ಇಂಚು ಅಂದ್ರೆ 3.175 ಎಂಎಂ. 3 ಹಾಕಿ ಬಲ ಕೊಟ್ರೆ ಮೂಲೆ ಸವೆದು ಗುಂಡಗಾಗುತ್ತೆ. ಇಂಚಿನ ಸೆಟ್ ನನ್ನ ಹತ್ರ ಇದೆ, ಭಾನುವಾರ ತರ್ತೀನಿ. ಸೈಟನ್ನ ಬಾಣ ಬಿದ್ದ ಕಡೆಗೇ ಜರುಗಿಸ್ಬೇಕು, ಬಲಕ್ಕೆ ಬಿದ್ರೆ ಬಲಕ್ಕೆ. ಅಲ್ಲೀವರೆಗೆ ಅದನ್ನ ಮುಟ್ಬೇಡಿ.