ಒಂದು ಲಕ್ಷ ವರ್ಷದ ಬೆಕ್ಕು

“ಪರಮಾಣು ತ್ಯಾಜ್ಯದ ಸಮಸ್ಯೆಯನ್ನು ಎಐ ಬಗೆಹರಿಸಿಬಿಟ್ಟಿದೆ, ಮೇಷ್ಟ್ರೇ,” ಎಂದು ಸುಬ್ಬು ಮೊಬೈಲನ್ನು ಎಲ್ಲರ ಮುಖದ ಮುಂದೆಯೂ ಒಂದು ಸುತ್ತು ಆಡಿಸಿದನು.

“ನಿನ್ನೆ ಕ್ಯಾನ್ಸರನ್ನು ಬಗೆಹರಿಸಿತ್ತು, ಮೊನ್ನೆ ಸಿಲ್ಕ್ ಬೋರ್ಡಿನ ಟ್ರಾಫಿಕ್ಕನ್ನು ಬಗೆಹರಿಸಿತ್ತು,” ಎಂದರು ಮೇಷ್ಟ್ರು. “ನಾಳೆ ಭಾನುವಾರ. ಅದಕ್ಕೂ ಒಂದು ದಿನ ರಜೆ ಕೊಡಪ್ಪ.”

“ನೀವು ಓದದೆಯೇ ಹಂಗಿಸುತ್ತೀರಿ.”

“ನೀನು ಶೀರ್ಷಿಕೆ ಓದಿದ್ದೀಯೆ. ಅದರ ಕೆಳಗಿರುವುದನ್ನು ಈಗ ಎಲ್ಲರಿಗೂ ಕೇಳಿಸುವಂತೆ ಓದು.”

ಸುಬ್ಬು ಓದಿದನು. ಯಾವ ವಸ್ತುವನ್ನು ಎಷ್ಟೆಷ್ಟು ಬೆರೆಸಿದರೆ ತ್ಯಾಜ್ಯವನ್ನು ಹಿಡಿದಿಡುವ ಗಾಜು ನೀರಿಗೆ ಜಗ್ಗದೆ ಬಹುಕಾಲ ಉಳಿದೀತು ಎಂಬುದನ್ನು ಅಂದಾಜು ಮಾಡಲು ಸಂಶೋಧಕರು ಹಳೆಯ ಪ್ರಯೋಗಗಳ ಅಂಕಿಗಳನ್ನು ಕಂಪ್ಯೂಟರಿಗೆ ಉಣಿಸುತ್ತಿದ್ದಾರೆ ಎಂಬುದಷ್ಟೇ ಅಲ್ಲಿದ್ದ ಸುದ್ದಿ.

“ಒಳ್ಳೆಯ ಕೆಲಸ. ಅವರು ಗಾಜಿನ ಹದದ ಬಗ್ಗೆ ಬರೆದರು, ಶೀರ್ಷಿಕೆ ಕೊಟ್ಟವನು ಲೋಕೋದ್ಧಾರ ಮಾಡಿದನು,” ಎಂದು ಮೇಷ್ಟ್ರು ಕನ್ನಡಕ ಒರೆಸಿಕೊಂಡರು. “ಆ ಗಾಜನ್ನು ನಮ್ಮಲ್ಲಿಯೂ ಟ್ರಾಂಬೆ, ತಾರಾಪುರ, ಕಲ್ಪಾಕ್ಕಮ್‌ಗಳಲ್ಲಿ ಮಾಡುತ್ತಾರೆ. ಉರಿದು ಮುಗಿದ ಇಂಧನವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಯುರೇನಿಯಂ ಮತ್ತು ಪ್ಲುಟೋನಿಯಂಗಳನ್ನು ಬೇರ್ಪಡಿಸಿಕೊಂಡ ಮೇಲೆ ಉಳಿಯುವ ಉಗ್ರವಾದ ದ್ರವವನ್ನು ಬೋರೋಸಿಲಿಕೇಟ್ ಗಾಜಿನೊಂದಿಗೆ ಸುಮಾರು ಸಾವಿರ ಡಿಗ್ರಿಯ ಶಾಖದಲ್ಲಿ ಕರಗಿಸಿ, ಉಕ್ಕಿನ ಡಬ್ಬಿಗಳಿಗೆ ಸುರಿದು ಮುಚ್ಚುತ್ತಾರೆ. ಮಾಡುವವರು ದಪ್ಪ ಕಾಂಕ್ರೀಟು ಗೋಡೆಯ ಈಚೆ ನಿಂತು, ಸೀಸ ಬೆರೆಸಿದ ಕಿಟಕಿಯ ಮೂಲಕ ನೋಡುತ್ತಾ, ಯಂತ್ರದ ಕೈಗಳನ್ನು ಆಡಿಸುತ್ತಾರೆ. ಆ ಜನ ಇದುವರೆಗೆ ನಿನಗೆ ಒಂದು ಫಾರ್ವರ್ಡನ್ನೂ ಕಳುಹಿಸಿಲ್ಲ.”

“ಗಾಜು ಒಡೆದುಹೋದರೆ?” ಎಂದನು ನಂಜಪ್ಪ.

“ಒಡೆದರೆ ಎರಡು ಗಾಜು. ಅದು ನೀರಿನಲ್ಲಿ ಕರಗಿ ಹರಿದುಹೋಗಬಾರದು ಎಂಬುದೇ ಮುಖ್ಯ.”

“ಅಂಥ ಡಬ್ಬಿಗಳನ್ನು ಇಡಲು ಎಷ್ಟು ಎಕರೆ ಬೇಕಾಗುತ್ತದೆ?”

“ಇವನ ಕಣ್ಣು ಆಗಲೇ ಜಾಗದ ಮೇಲೆ ಬಿತ್ತು,” ಎಂದರು ಡಾಕ್ಟರಮ್ಮ. “ನಂಜಪ್ಪನವರೇ, ಆ ತ್ಯಾಜ್ಯದಲ್ಲಿ ಒಂದು ಭಾಗ ನಮ್ಮ ರಕ್ತನಿಧಿಗಳಿಗೇ ಬರುತ್ತದೆ. ಮೂಳೆಮಜ್ಜೆಯ ಕಸಿ ಮಾಡಿಸಿಕೊಂಡವರಿಗೆ ಹಾಗೆಯೇ ರಕ್ತ ಕೊಟ್ಟರೆ, ದಾನಿಯ ಬಿಳಿ ರಕ್ತಕಣಗಳು ಬಂದ ಮನೆಯ ಮೇಲೆಯೇ ದಂಡೆತ್ತಿ ಹೋಗುವ ಅಪಾಯವಿದೆ. ಆದ್ದರಿಂದ ರಕ್ತದ ಚೀಲವನ್ನು ಮೊದಲು ವಿಕಿರಣದ ಯಂತ್ರದೊಳಗೆ ಇಟ್ಟು, ವಿಕಿರಣದ ಅಳತೆಯಲ್ಲಿ ಸುಮಾರು 25 ಗ್ರೇಯಷ್ಟು ಕೊಟ್ಟು, ಆ ಕಣಗಳು ಸಂತಾನ ಬೆಳೆಸದಂತೆ ಮಾಡುತ್ತೇವೆ. ಕೆಂಪು ಕಣಗಳು ಹೆಚ್ಚಿನ ತೊಂದರೆಯಿಲ್ಲದೆ ಉಳಿಯುತ್ತವೆ. ಅದಕ್ಕೆ ಬೇಕಾದ ಸೀಸಿಯಂ-137ನ್ನು ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಇದೇ ತ್ಯಾಜ್ಯದಿಂದ ತೆಗೆದು ಗಾಜಿನ ಪೆನ್ಸಿಲುಗಳಾಗಿ ಮಾಡಿದ್ದಾರೆ. ಕಣ್ಣಿನ ಕ್ಯಾನ್ಸರಿಗೆ ಕಣ್ಣುಗುಡ್ಡೆಯ ಮೇಲೆ ಕೂರಿಸುವ ಪುಟ್ಟ ರುಥೇನಿಯಂ ಬಿಲ್ಲೆಯೂ ಅದೇ ತ್ಯಾಜ್ಯದ ಹೊಟ್ಟೆಯಿಂದ ಬಂದದ್ದು.”

“ಕಸದಿಂದ ರಸ ಎಂದರೆ ಇದೇ!” ಎಂದು ನಂಜಪ್ಪ ತೊಡೆ ತಟ್ಟಿದನು.

“ಇದನ್ನು ಎಐ ಕಂಡುಹಿಡಿಯಿತೆಂದು ಯಾರಾದರೂ ಹೇಳಿದ್ದರೆ ಸುಬ್ಬು ಹೋದ ವರ್ಷವೇ ನಮಗೆ ಹೇಳುತ್ತಿದ್ದನು,” ಎಂದರು ಮೇಷ್ಟ್ರು.

ಸುಬ್ಬುವಿಗೆ ಸಿಟ್ಟು ಬಂದಿತು. “ನಿಮಗೆ ಕಂಪ್ಯೂಟರ್ ಕಂಡರೇ ಆಗುವುದಿಲ್ಲ.”

“ಯಾರು ಹೇಳಿದರು? 1946ರಲ್ಲಿ ಸ್ಟಾನಿಸ್ಲಾವ್ ಉಲಾಮ್ ಎಂಬ ಗಣಿತಜ್ಞ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಾ ಒಬ್ಬನೇ ಕುಳಿತು ಇಸ್ಪೀಟಾಡುತ್ತಿದ್ದನು. ಆಟ ಗೆಲ್ಲುವ ಸಂಭವವೆಷ್ಟು ಎಂದು ಸೂತ್ರ ಹಾಕಿ ಸಾಕಾಗಿ, ನೂರು ಸಲ ಆಡಿ ಎಷ್ಟು ಸಲ ಗೆದ್ದೆ ಎಂದು ಎಣಿಸಿದರೆ ಸಾಲದೇ ಎಂದುಕೊಂಡನು. ವಾನ್ ನಾಯ್ಮನ್ ಎಂಬ ಇನ್ನೊಬ್ಬ ಗಣಿತಜ್ಞ ಅದನ್ನು ಕಂಪ್ಯೂಟರಿಗೆ ಒಗ್ಗಿಸಿದನು. ಮಾಂಟೆ ಕಾರ್ಲೋ ಎಂದು ಹೆಸರಾದ ಆ ವಿಧಾನ ಇವತ್ತು ವಿಕಿರಣ ತಡೆಯುವ ಗೋಡೆ ಎಷ್ಟು ದಪ್ಪವಿರಬೇಕು ಎಂಬುದನ್ನೂ ಹೇಳುತ್ತದೆ, ಡಾಕ್ಟರಮ್ಮನ ರೋಗಿಯ ಗಡ್ಡೆಗೆ ಎಷ್ಟು ವಿಕಿರಣ ತಲುಪುತ್ತದೆ ಎಂಬುದನ್ನೂ ಹೇಳುತ್ತದೆ. ಅದಕ್ಕೆ ನಾನು ಕೈ ಮುಗಿಯುತ್ತೇನೆ. ಲೆಕ್ಕ ಹಾಕುವ ಯಂತ್ರವನ್ನು ಹೊಣೆ ಹೊರುವ ಯಜಮಾನನೆಂದು ನೀವು ಪಟ್ಟಕ್ಕೆ ಕೂರಿಸುತ್ತೀರಲ್ಲ, ನನ್ನ ತಕರಾರು ಅಷ್ಟೇ.”

“ಹೊಣೆ ಹೊರಲು ಅಲ್ಲಿ ಏನು ಉಳಿದಿದೆ? ಗಾಜು ಮಾಡಿದರು, ಮುಗಿಯಿತು.”

“ಮುಗಿಯುವುದಕ್ಕೇ ಸಮಯ ಬೇಕು, ಸುಬ್ಬು. ಸೀಸಿಯಮ್ಮಿನ ಅರ್ಧಾಯುಷ್ಯ, ಎಂದರೆ ಅದು ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, 30 ವರ್ಷ. 300 ವರ್ಷ ಕಾದರೆ ಸಾವಿರದಲ್ಲಿ ಒಂದು ಪಾಲು ಉಳಿಯುತ್ತದೆ, ವಿಜಯನಗರ ಹಾಳಾದದ್ದನ್ನು ನೆನಪಿಟ್ಟುಕೊಂಡ ಜನ ಅಷ್ಟನ್ನು ಹೇಗೋ ಕಾಯಬಹುದು. ಆದರೆ ಪ್ಲುಟೋನಿಯಂ-239ರ ಅರ್ಧಾಯುಷ್ಯ ಸುಮಾರು 24,000 ವರ್ಷ. ಫಿನ್‌ಲೆಂಡಿನವರು ಉರಿದ ಇಂಧನವನ್ನು ಕರಗಿಸುವ ಗೋಜಿಗೇ ಹೋಗದೆ, ಎರಕದ ಕಬ್ಬಿಣದ ಮೇಲೆ ತಾಮ್ರದ ಕವಚ ಹಾಕಿ, ಸುತ್ತ ಬೆಂಟೊನೈಟ್ ಜೇಡಿ ತುಂಬಿ, ಒಂಕಾಲೋ ಎಂಬಲ್ಲಿ 400 ಮೀಟರಿಗೂ ಹೆಚ್ಚು ಆಳದ ಬಂಡೆಯಲ್ಲಿ ಇಡಲು ಸುರಂಗ ತೋಡಿದ್ದಾರೆ. ಅವರ ಲೆಕ್ಕ ಒಂದು ಲಕ್ಷ ವರ್ಷ. ಅಷ್ಟು ಕಾಲದ ನಂತರ ಅಲ್ಲಿಗೆ ಬರುವವನಿಗೆ ‘ಅಗೆಯಬೇಡಪ್ಪ’ ಎಂದು ಹೇಳುವವರು ಯಾರು?”

“ಎಐ ಹೇಳುತ್ತದೆ. ಅದು ಯಾವುದನ್ನೂ ಮರೆಯುವುದಿಲ್ಲ.”

ಮೇಷ್ಟ್ರು ನಕ್ಕರು. “ನಾನು 1998ರಲ್ಲಿ ಪಿಯುಸಿ ಮಕ್ಕಳಿಗೆ ಕನ್ನಡದಲ್ಲಿ ಭೌತಶಾಸ್ತ್ರದ ಟಿಪ್ಪಣಿ ಟೈಪು ಮಾಡಿಸಿ ಫ್ಲಾಪಿಯಲ್ಲಿಟ್ಟಿದ್ದೆ. ಮೊದಲು ಫ್ಲಾಪಿ ತೂರಿಸಲು ಕಿಂಡಿಯಿರುವ ಯಂತ್ರ ಸಿಗಲಿಲ್ಲ. ಎಲ್ಲಿಂದಲೋ ಒಂದನ್ನು ನೀನೇ ಹುಡುಕಿ ತಂದು ತೆರೆದರೆ, ಅದು ಯೂನಿಕೋಡಿಗಿಂತ ಹಿಂದಿನ ಅಕ್ಷರ. ಪರದೆಯ ತುಂಬ ತಲೆಗೆ ಟೋಪಿ ಹಾಕಿಕೊಂಡ, ಹೊಟ್ಟೆಗೆ ಗೆರೆ ಹೊಡೆದುಕೊಂಡ ರೋಮನ್ ಅಕ್ಷರಗಳು ಜಾತ್ರೆಗೆ ಬಂದ ಹಾಗೆ ನಿಂತಿದ್ದವು. ಇಪ್ಪತ್ತೈದು ವರ್ಷಕ್ಕೆ ಈ ಗತಿ. ನಿನ್ನ ಎಐ ಒಂದು ಲಕ್ಷ ವರ್ಷ ಚಂದಾ ಕಟ್ಟಿಸಿಕೊಂಡು ಕಾಯುತ್ತದೆಯೇ?”

“ಹಾಗಾದರೆ ವಿಜ್ಞಾನಿಗಳು ಏನು ಹೇಳುತ್ತಾರೆ?” ಎಂದು ಸೆಲ್ವರಾಜು ಕೇಳಿದನು. ಅವನು ಅದುವರೆಗೆ ಮಾತಾಡಿರಲಿಲ್ಲ.

“ಬೆಕ್ಕು ಸಾಕಿ ಎಂದಿದ್ದಾರೆ.”

ನಂಜಪ್ಪ ಬೆಂಚಿನಿಂದ ಅರ್ಧ ಎದ್ದನು. ಮೇಷ್ಟ್ರು ಗಂಭೀರವಾಗಿಯೇ ಮುಂದುವರಿಸಿದರು. “ತಮಾಷೆಯಲ್ಲ. 1984ರಲ್ಲಿ ಫ್ರಾನ್ಸ್‌ವಾಜ್ ಬಾಸ್ತೀದ್ ಮತ್ತು ಪಾವ್ಲೊ ಫಾಬ್ರಿ ಎಂಬ ಇಬ್ಬರು ವಿದ್ವಾಂಸರು, ವಿಕಿರಣ ತಾಗಿದರೆ ಮೈಬಣ್ಣ ಬದಲಾಗುವಂಥ ಬೆಕ್ಕಿನ ತಳಿಯೊಂದನ್ನು ಬೆಳೆಸಿ, ‘ಬೆಕ್ಕಿನ ಬಣ್ಣ ಬದಲಾದರೆ ಊರು ಬಿಡು’ ಎಂದು ಗಾದೆ, ಕಥೆ, ಹಾಡುಗಳನ್ನು ಹಬ್ಬಿಸಿಬಿಡಿ ಎಂದು ಸೂಚಿಸಿದರು. ಭಾಷೆ ಅಳಿದರೂ ಕಥೆ ಉಳಿಯುತ್ತದೆ, ರಾಜ್ಯ ಅಳಿದರೂ ಬೆಕ್ಕು ಉಳಿಯುತ್ತದೆ ಎಂಬುದು ಅವರ ತರ್ಕ.”

“ಅರ್ಧ ಕೆಲಸವನ್ನು ನಮ್ಮ ಅಜ್ಜಿಯಂದಿರು ಮುಗಿಸಿಟ್ಟಿದ್ದಾರೆ,” ಎಂದನು ನಂಜಪ್ಪ. “ಬೆಕ್ಕು ಅಡ್ಡ ಹೋದರೆ ರಿಜಿಸ್ಟ್ರೇಷನ್ನಿಗೆ ಹೊರಟವನೂ ಹಿಂದಿರುಗುತ್ತಾನೆ. ಬಣ್ಣ ಯಾಕೆ ಬದಲಾಗಬೇಕು?”

“ಬಣ್ಣದ ಕೆಲಸವೂ ಅರ್ಧ ಆಗಿದೆ,” ಎಂದರು ಡಾಕ್ಟರಮ್ಮ. “2011ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನವರು ಏಡ್ಸ್‌ನಂಥ ರೋಗ ತರುವ ಬೆಕ್ಕಿನ ವೈರಸ್ಸನ್ನು ಅಭ್ಯಾಸ ಮಾಡುವಾಗ, ವೈರಸ್ ತಡೆಯುವ ಕೋತಿಯ ಜೀನನ್ನು ಬೆಕ್ಕಿಗೆ ಸೇರಿಸಿದರು. ಸೇರಿತೋ ಇಲ್ಲವೋ ಎಂದು ಗುರುತಿಸಲು ಹಸಿರಾಗಿ ಹೊಳೆಯುವ ಪ್ರೋಟೀನಿನ ಜೀನನ್ನೂ ಜೊತೆಗೆ ಹಾಕಿದರು. ತಕ್ಕ ಬೆಳಕು ಬಿಟ್ಟರೆ ಆ ಮರಿಗಳು ಹಸಿರಾಗಿ ಹೊಳೆಯುತ್ತವೆ. ವಿಕಿರಣಕ್ಕೆ ಮಾತ್ರ ಹೊಳೆಯುವುದಿಲ್ಲ.”

“ಕೊರಳಿಗೆ ಒಂದು ಸೆನ್ಸರ್ ಕಟ್ಟಿದರೆ ಆಯಿತು. ಆ್ಯಪಿನಲ್ಲಿ ನೋಟಿಫಿಕೇಷನ್—”

“ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಪ್ರಶ್ನೆಗೆ ಇಲಿಗಳ ಸಭೆಯೇ ಉತ್ತರ ಕಂಡುಕೊಂಡಿಲ್ಲ, ಸುಬ್ಬು. ನೀನು ಆ್ಯಪ್ ಕಟ್ಟುತ್ತೀಯಾ?” ಎಂದರು ಮೇಷ್ಟ್ರು. “ಅಲ್ಲದೆ ಪರಮಾಣು ತ್ಯಾಜ್ಯಕ್ಕೂ ಬೆಕ್ಕಿಗೂ ಈಗಾಗಲೇ ಒಂದು ಸಲ ಸಂಬಂಧ ಕೂಡಿ ಕೆಟ್ಟಿದೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ, ನೆಲದಡಿ 650 ಮೀಟರ್ ಆಳದ ಉಪ್ಪಿನ ಪದರದಲ್ಲಿ, ಬಾಂಬು ತಯಾರಿಕೆಯ ಪ್ಲುಟೋನಿಯಂ ತ್ಯಾಜ್ಯವನ್ನು ಡ್ರಮ್ಮುಗಳಲ್ಲಿ ತುಂಬಿಡುತ್ತಾರೆ. ಡ್ರಮ್ಮಿನೊಳಗಿನ ತೇವ ಹೀರಲು ಅವರು ಬಳಸುತ್ತಿದ್ದದ್ದು, ಸಾಕಿದ ಬೆಕ್ಕುಗಳ ಮಲಮೂತ್ರಕ್ಕೆಂದು ಅಂಗಡಿಯಲ್ಲಿ ಸಿಗುವ ಜೇಡಿಮಣ್ಣಿನ ಹರಳು. ಅಗ್ಗ, ನಿರುಪದ್ರವಿ, ಕೆಲಸಕ್ಕೆ ತಕ್ಕದ್ದು. ಒಂದು ದಿನ ಕಾರ್ಯವಿಧಾನದ ಕಾಗದವನ್ನು ತಿದ್ದುವಾಗ ಜೇಡಿಯ ಜಾಗದಲ್ಲಿ ಸಾವಯವ ಹರಳು ಎಂದು ಸೇರಿಕೊಂಡಿತು. ಗೋಧಿಯಿಂದ ಮಾಡಿದ್ದನ್ನು ತಂದು ಸುರಿದರು. ಗೋಧಿಯೂ ತ್ಯಾಜ್ಯದಲ್ಲಿದ್ದ ನೈಟ್ರೇಟ್ ಲವಣವೂ ಒಳಗೊಳಗೇ ಕಾದು 2014ರ ಫೆಬ್ರವರಿಯಲ್ಲಿ ಡ್ರಮ್ಮು ಬಿರಿಯಿತು. ಮತ್ತೆ ತ್ಯಾಜ್ಯ ಇಳಿಸಲು ಮೂರು ವರ್ಷದ ಹತ್ತಿರ ಹಿಡಿಯಿತು.”

“ನನ್ನ ಹೆಂಡತಿ ಸಾವಯವ ಅಂಗಡಿಯಿಂದ ಬೇಳೆ ತಂದಾಗ ನಾನು ಇದನ್ನೇ ಹೇಳಿದೆ,” ಎಂದು ನಂಜಪ್ಪ ನಿಟ್ಟುಸಿರು ಬಿಟ್ಟನು.

“ಹತ್ತು ಸಾವಿರ ವರ್ಷದ ಆಚೆಯವರಿಗೆ ಎಚ್ಚರಿಕೆ ಬರೆಯಲು ಅದೇ ಜಾಗಕ್ಕೆ ಪಂಡಿತರ ಸಮಿತಿಗಳನ್ನು ಕೂರಿಸಿದ್ದರು, ನಂಜಪ್ಪ. ಈ ಕೋಣೆಯಿಂದ ಪಕ್ಕದ ಕೋಣೆಗೆ ಒಂದು ಮಾತು ಸರಿಯಾಗಿ ತಲುಪಲಿಲ್ಲ.”

“ಬೇರೆ ಯಾವ ಉಪಾಯವೂ ಇಲ್ಲವೇ?” ಎಂದರು ಡಾಕ್ಟರಮ್ಮ.

“ಇದೆ. ಥಾಮಸ್ ಸೆಬಿಯೋಕ್ ಎಂಬ ಭಾಷಾವಿಜ್ಞಾನಿ ಅಣುಪುರೋಹಿತರ ಪರಂಪರೆಯೊಂದನ್ನು ಕಟ್ಟಿ, ಆಚರಣೆ ಮತ್ತು ಐತಿಹ್ಯಗಳ ಮೂಲಕ ಆ ಜಾಗದ ಭಯವನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿ ಎಂದನು. ನಮ್ಮಲ್ಲಿ ಹಾಗೆ ಒಂದು ಅಣುಪೀಠ ಸ್ಥಾಪಿಸಿದರೆ ಮೂರನೆಯ ತಲೆಮಾರಿಗೆ ಉತ್ತರಾಧಿಕಾರಿಯ ವ್ಯಾಜ್ಯ ಹೈಕೋರ್ಟಿಗೆ ಹೋಗುತ್ತದೆ, ನಾಲ್ಕನೆಯದಕ್ಕೆ ಪೀಠ ಎರಡಾಗಿ ಎರಡೂ ಕಡೆಯವರು ಮೆಡಿಕಲ್ ಕಾಲೇಜು ತೆರೆಯುತ್ತಾರೆ. ಅದಕ್ಕಿಂತ ನಮ್ಮ ಶಾಸನದವರು ಗಟ್ಟಿಗರು. ದಾನ ಕೊಟ್ಟ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂದು ಎಷ್ಟು ಕಲ್ಲುಗಳ ಕೊನೆಯಲ್ಲಿ ಕೆತ್ತಿಸಿದ್ದಾರೆ! ಪ್ಲುಟೋನಿಯಮ್ಮಿಗೆ ಅದು ಎರಡೂವರೆ ಅರ್ಧಾಯುಷ್ಯ. ಹುಳುವಿನ ಶಿಕ್ಷೆ ಮುಗಿಯುವ ಹೊತ್ತಿಗೂ ಆರನೆಯ ಒಂದು ಪಾಲಿಗಿಂತ ಹೆಚ್ಚೇ ಉಳಿದಿರುತ್ತದೆ, ನಿಜ. ಆದರೂ ಕಾಲವನ್ನು ಆ ಅಳತೆಯಲ್ಲಿ ಯೋಚಿಸಿದವರು ನಮ್ಮಲ್ಲಿ ಆ ಶಾಪ ಬರೆಯುವವರೇ.”

ಭೂಮಿಯ ಮಾತು ಬಂದಾಗ ನಂಜಪ್ಪ ಕೊಂಚ ಬೆವೆತನು. “ಆ ಕಲ್ಲನ್ನು ಓದುವವರು ಯಾರಿದ್ದಾರೆ, ಮೇಷ್ಟ್ರೇ? ನಮ್ಮ ಒಂದು ಲೇಔಟಿನಲ್ಲಿ ಜೆಸಿಬಿಗೆ ಅಂಥದೇ ಕಲ್ಲು ಸಿಕ್ಕಿತು. ಮೇಲೆ ಸೂರ್ಯ, ಚಂದ್ರ, ಹಸು, ಕರು ಎಲ್ಲವೂ ಇದ್ದವು. ಕಾವಲುಗಾರನ ಹೆಂಡತಿ ಬಟ್ಟೆ ಒಗೆಯಲು ಹಾಕಿಕೊಂಡಳು. ಅಕ್ಷರದ ಕಡೆ ಮೇಲೆ ಮಾಡಿಕೊಂಡಿದ್ದಾಳೆ, ಕೊಳೆ ಚೆನ್ನಾಗಿ ಬಿಡುತ್ತದಂತೆ.”

“ಸೂರ್ಯ ಚಂದ್ರರಿರುವ ತನಕ ಎಂದು ಬರೆಸಿದವನಿಗೆ ಸೋಪು ಗೊತ್ತಿರಲಿಲ್ಲ. ಹಲ್ಮಿಡಿಯ ಕಲ್ಲಿನಲ್ಲಿಯೂ ‘ಮಹಾಪಾತಕನ್’ ಎಂಬ ಬೆದರಿಕೆ ಇದೆ. ಬರೆದು ಹದಿನೈದು ನೂರು ವರ್ಷವಾಯಿತು, ಅದೇ ಭಾಷೆಯನ್ನಾಡುವ ನಾವೇ ಪಂಡಿತರ ಬೆರಳು ಹಿಡಿದುಕೊಂಡು ಓದಬೇಕು. ಲಕ್ಷ ವರ್ಷವೆಂದರೆ ಅಂಥ ಅರವತ್ತಾರು ಹಲ್ಮಿಡಿಗಳು.”

“ಲಕ್ಷ ವರ್ಷ ಯಾಕೆ, ಸಾರ್,” ಎಂದನು ಸೆಲ್ವರಾಜು. “ನಮ್ಮ ಕೆಜಿಎಫ್ ಮುಚ್ಚಿದ್ದು 2001ರಲ್ಲಿ.”

ಯಾರೂ ನಡುವೆ ಬಾಯಿ ಹಾಕಲಿಲ್ಲ.

“ನಮ್ಮಪ್ಪ ಅಲ್ಲಿಯ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸಕ್ಕಿದ್ದವರು. ಎರಡು ಕಿಲೋಮೀಟರಿಗಿಂತ ಆಳದಲ್ಲಿ, ಬಂಡೆ ಮುಟ್ಟಿದರೆ ಸುಡುವ ಕಡೆ, ಬೊಂಬಾಯಿಯ ಟಾಟಾ ಸಂಸ್ಥೆಯವರು, ಜಪಾನಿನ ಒಸಾಕಾದವರು, ಇಂಗ್ಲೆಂಡಿನ ಡರ್ಹಮ್‌ನವರು ಪೆಟ್ಟಿಗೆಗಳನ್ನಿಟ್ಟುಕೊಂಡು ಕೂತಿರುತ್ತಿದ್ದರಂತೆ. ಆಕಾಶದಿಂದ ಬರುವ ಕಣಗಳನ್ನು ನೋಡಲು ಪಾತಾಳಕ್ಕೆ ಯಾಕೆ ಇಳಿಯುತ್ತಾರೆ ಎಂದು ಕೂಲಿಯವರೆಲ್ಲ ನಗುತ್ತಿದ್ದರಂತೆ.”

“ಉಳಿದ ಕಣಗಳನ್ನು ಬಹುಮಟ್ಟಿಗೆ ಮೇಲಿನ ಬಂಡೆ ತಡೆಯುತ್ತದೆ, ನ್ಯೂಟ್ರಿನೋ ಎಂಬ ಕಣ ಮಾತ್ರ ಸರಾಗವಾಗಿ ದಾಟಿ ಬರುತ್ತದೆ,” ಎಂದರು ಮೇಷ್ಟ್ರು ಮೆತ್ತಗೆ. “1965ರಲ್ಲಿ ವಾತಾವರಣದ ನ್ಯೂಟ್ರಿನೋವಿನ ಗುರುತು ಅಲ್ಲಿ ಸಿಕ್ಕಿತು. ಜಗತ್ತಿನಲ್ಲಿಯೇ ಮೊದಲಿಗರ ಸಾಲಿನಲ್ಲಿ ನಿಮ್ಮ ಊರಿದೆ.”

“1980ರ ದಶಕದಲ್ಲಿ ಪರಮಾಣು ಇಲಾಖೆಯವರೂ ಬಂದಿದ್ದರು. ಸಾವಿರ ಮೀಟರಿನ ಆಳದಲ್ಲಿ ಹೀಟರು ಹೂಳಿ, ಬಿಸಿಗೆ ಬಂಡೆ ಹೇಗೆ ವರ್ತಿಸುತ್ತದೆ ಎಂದು ವರ್ಷಗಟ್ಟಲೆ ಅಳೆದರು. ತ್ಯಾಜ್ಯ ತರಲಿಲ್ಲ, ಬರೀ ಶಾಖ. 2012ರಲ್ಲಿ ಕೂಡಂಕುಳಂನ ತ್ಯಾಜ್ಯವನ್ನು ನಮ್ಮ ಗಣಿಗೆ ಹಾಕುತ್ತಾರೆಂದು ಸುದ್ದಿ ಹಬ್ಬಿ ಕೋಲಾರವೆಲ್ಲ ಬೀದಿಗಿಳಿಯಿತು. ಹಾಗೇನೂ ಇಲ್ಲ ಎಂದರು, ಸುಮ್ಮನಾದೆವು. ಈಗ ಸುರಂಗಗಳಲ್ಲಿ ನೀರು ತುಂಬಿದೆ. ಗಂಡಸರು ಬೆಳಗಿನ ರೈಲಿಗೆ ಬೆಂಗಳೂರಿಗೆ ಬಂದು ರಾತ್ರಿ ಹಿಂದಿರುಗುತ್ತಾರೆ. ಯಾವ ಶಾಫ್ಟು ಎಲ್ಲಿತ್ತು ಎಂದು ತೋರಿಸಬಲ್ಲವರು ನಮ್ಮ ಬೀದಿಯಲ್ಲಿ ಇಬ್ಬರೋ ಮೂವರೋ ಉಳಿದಿದ್ದಾರೆ. ಮೊನ್ನೆ ಮೊಮ್ಮಗ ‘ತಾತ, ಅಲ್ಲಿ ನಿಜವಾಗಿಯೂ ಚಿನ್ನ ಇತ್ತಾ?’ ಎಂದು ಕೇಳಿದನು.”

ಸುಬ್ಬು ಮೊಬೈಲನ್ನು ಜೇಬಿಗೆ ಹಾಕಿಕೊಂಡನು. ಡಾಕ್ಟರಮ್ಮ ಏನೋ ಹೇಳಲು ಹೋಗಿ ಸುಮ್ಮನಾದರು.

“ಸೆಲ್ವಾ,” ಎಂದನು ನಂಜಪ್ಪ, ತುಂಬ ಯೋಚಿಸಿದವನಂತೆ. “ಆ ಕಡೆ ಈಗ ಸೈಟು ಚದರಡಿಗೆ ಎಷ್ಟಿದೆ?”

“ನೋಡಿಕೋ ಸುಬ್ಬು,” ಎಂದರು ಮೇಷ್ಟ್ರು. “ಒಂದು ಲಕ್ಷ ವರ್ಷದ ನಂತರ ಫಿನ್‌ಲೆಂಡಿನ ಬಂಡೆಯ ಮುಂದೆ ಟೇಪು ಹಿಡಿದು ನಿಲ್ಲುವವನು ಇವನೇ. ಸಮಿತಿಯವರು ಎಚ್ಚರಿಕೆ ಬರೆಯಬೇಕಾದದ್ದು ಇವನಿಗೆ. ಏನಯ್ಯಾ ನಂಜಪ್ಪ, ಕಲ್ಲಿನ ಮೇಲೆ ಶಾಪವಿದ್ದರೆ ಬಿಡುತ್ತೀಯಾ?”

“ಕಲ್ಲನ್ನು ಪಕ್ಕಕ್ಕೆ ಸರಿಸಿ ಕಾಂಪೌಂಡ್ ಹಾಕಿಸುತ್ತೇನೆ.”

“ಹಸಿರು ಬೆಕ್ಕು ಅಡ್ಡ ಬಂದರೆ?”

“ಶಾಸ್ತ್ರಕ್ಕೆ ಎರಡು ನಿಮಿಷ ನಿಂತು,” ಎಂದನು ನಂಜಪ್ಪ, “ಆಮೇಲೆ ಅಗೆಯುತ್ತೇನೆ.”