ಬೆನ್ನುಹುರಿ ಪೆಟ್ಟು: ತೊಡೆಗೆ ಕರೆಂಟ್ ಮಷಿನ್ ಸೆಟ್ಟಿಂಗ್ ಎಷ್ಟು?

ಪ್ರಶ್ನೆ (ದಾವಣಗೆರೆ): ತಮ್ಮನಿಗೆ ಟಿ4 (ಎದೆಭಾಗದ ಬೆನ್ನುಹುರಿಯ ನಾಲ್ಕನೇ ಮಟ್ಟ) ಪೆಟ್ಟು, ತೊಡೆ ಸೊರಗುತ್ತಿದೆ. ಟೆನ್ಸ್ ಮಷಿನ್ ಹಚ್ಚಿದರೆ ಸ್ನಾಯು ಅಲುಗುತ್ತಿಲ್ಲ. ಯಾಕೆ?

ಉತ್ತರ 1: ಟೆನ್ಸ್ ನೋವಿಗೆ ಸರ್, ನಿಮಗೆ ಬೇಕಿರೋದು ಸ್ನಾಯು ಕುಗ್ಗಿಸುವ ಕರೆಂಟ್ ಮಷಿನ್, ಎನ್‌ಎಂಇಎಸ್. ಫ್ರೀಕ್ವೆನ್ಸಿ 35 ಹರ್ಟ್ಜ್, ಪಲ್ಸ್ ಅವಧಿ 300 ಮೈಕ್ರೊಸೆಕೆಂಡ್, 5 ಸೆಕೆಂಡ್ ಆನ್, 15 ಆಫ್. ಶುರುವಿಗೆ 10 ನಿಮಿಷ ಸಾಕು, ಸ್ನಾಯು ಬೇಗ ಸೋಲುತ್ತದೆ. 5×9 ಸೆಂ.ಮೀ. ಪ್ಯಾಡ್ ಒಂದು ತೊಡೆಯ ಮೇಲ್ಭಾಗದ ಹೊರಬದಿಗೆ, ಇನ್ನೊಂದು ಮಂಡಿಚಿಪ್ಪಿಗಿಂತ ನಾಲ್ಕು ಬೆರಳು ಮೇಲೆ, ಒಳಬದಿಗೆ.

ಉತ್ತರ 2 (ಚಿತ್ರದುರ್ಗ): ಟಿ6ಗಿಂತ ಮೇಲಿನ ಪೆಟ್ಟು, ಬಿ.ಪಿ. ಒಮ್ಮೆಲೇ ಏರಬಹುದು, ನೋಡ್ತಾ ಇರಿ. ತಲೆ ಸಿಡಿತ, ಮುಖ ಕೆಂಪು, ಬೆವರು ಕಂಡರೆ ತಕ್ಷಣ ಆಫ್ ಮಾಡಿ, ನೆಟ್ಟಗೆ ಕೂರಿಸಿ, ಮೂತ್ರದ ಪೈಪ್ ಮಡಚಿದೆಯಾ ನೋಡಿ. ಇಳಿಯದಿದ್ದರೆ ಆಸ್ಪತ್ರೆಗೆ ಓಡಿ.

ಉತ್ತರ 3: ಸ್ಪರ್ಶ ಇಲ್ಲದ ಚರ್ಮ ಸುಟ್ಟರೂ ಗೊತ್ತಾಗಲ್ಲ. ಅಂಚು ಎದ್ದ ಪ್ಯಾಡ್ ಎಸೆಯಿರಿ, ಕರೆಂಟ್ ಒಂದೇ ಕಡೆ ನುಗ್ಗುತ್ತದೆ. ಮೂಳೆ ತೆಳುವಾಗಿರುತ್ತದೆ, ಕಾಲಿಗೆ ತೂಕ ಕಟ್ಟಲೇಬೇಡಿ.